ಗಯಾದಲ್ಲಿ ಬಿಟ್ಟ ಹಣ್ಣು

"ಮನಿಯಾಗ ಬೆಕ್ಕು ಸಾಕೀರೇನ್ರಿ ಸರ?" ಎಂದು ಮೊನ್ನೆ ಕ್ಷೌರದಂಗಡಿಯವನು ನನ್ನ ಮುಂಗೈ ಹಿಡಿದು ನೋಡಿ ಕೇಳಿದ. ನೋಡಿದವರಿಗೆಲ್ಲ ಅದೇ ಅನುಮಾನ. ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡೂ ಕೈಮೇಲೆ ಗೀರುಗಳು; ಕೆಲವು ಹಳೆಯವು, ಕೆಲವು ಇನ್ನೂ ಕೆಂಪಗೆ ಇವೆ. ಬೆಕ್ಕಲ್ಲಪ್ಪ, ಗಿಡ ಎಂದೆ. ಯಾವ ಗಿಡ ಎಂದ. ರಾಸ್‌ಬೆರಿ ಎಂದೆ. ಅವನು ಕತ್ತರಿ ನಿಲ್ಲಿಸಿ ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡಿದ. "ಅದು ಶರಬತ್ತಿನ ಬಾಟ್ಲಿಯಾಗ ಇರ್ತದಲ್ರಿ, ಗಿಡದಾಗ ಎಲ್ಲಿ ಬರ್ತದ?" ಎಂದ. ನನಗೆ ನಗು ಬಂತು. ನಾಲ್ಕು ವರ್ಷದ ಹಿಂದಿನ ತನಕ ನನಗೂ ಗೊತ್ತಿದ್ದದ್ದು ಅಷ್ಟೇ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಹೂವಿನ ಭಾಗಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಎಷ್ಟು ಚಂದ ಬರೆಯುತ್ತಿದ್ದೆನೆಂದರೆ ತಪಾಸಣೆಗೆ ಬಂದ ಅಧಿಕಾರಿಗಳು ಇದನ್ನು ಅಳಿಸಬೇಡಿ ಎಂದು ಹೇಳಿ ಹೋಗುತ್ತಿದ್ದರು. ಆದರೆ ಒಂದು ಮೆಂತ್ಯದ ಸಸಿಯನ್ನೂ ಸ್ವಂತ ಕೈಯಿಂದ ಬೆಳೆದವನಲ್ಲ. ಪಾಠಕ್ಕೆ ಬೇಕಾದ ಮೊಳಕೆ ಕಾಳನ್ನು ಕೂಡ ನನ್ನ ಹೆಂಡತಿ ಸುಧಾ ಬಟ್ಟೆಯಲ್ಲಿ ಕಟ್ಟಿ ಡಬ್ಬಿಗೆ ಹಾಕಿ ಕೊಡುತ್ತಿದ್ದಳು. ಅದೂ ಅಲ್ಲದೆ ನಮ್ಮದು ರಾಯಚೂರು. ಇಲ್ಲಿಯ ಅಂಗಳಗಳಲ್ಲಿ ತುಳಸಿ, ಕರಿಬೇವು, ದಾಸವಾಳ, ಹೆಚ್ಚೆಂದರೆ ಒಂದು ನಿಂಬೆಗಿಡ ಇರುತ್ತವೆ. ನಮ್ಮ ಬಿಸಿಲಿನ ಬಗ್ಗೆ ಬೇರೆ ಊರಿನವರು ಜೋಕು ಮಾಡುತ್ತಾರೆ. ನಾವು ಮಾಡುವುದಿಲ್ಲ, ಏಪ್ರಿಲ್ ಬರುವಷ್ಟರಲ್ಲಿ ಜೋಕು ಮಾಡುವುದಕ್ಕೂ ಬಾಯಿ ಒಣಗಿರುತ್ತದೆ.

ಇಂಥ ಊರಿನಲ್ಲಿ ಇಂಥವನೊಬ್ಬ ಬೆಟ್ಟದ ಸೀಮೆಯ ಕಪ್ಪು ರಾಸ್‌ಬೆರಿ ತರಿಸಿ ನೆಟ್ಟನೆಂದರೆ ಅದಕ್ಕೊಂದು ಕಾರಣ ಇರಬೇಕಲ್ಲ. ಕಾರಣ ನಮ್ಮ ಅತ್ಯಾ. ನಮ್ಮ ಕಡೆ ಅಪ್ಪನ ಅಕ್ಕತಂಗಿಯರಿಗೆ ಹಾಗೆ ಅನ್ನುತ್ತೇವೆ. ಹೆಸರು ಪದ್ಮಾವತಿ. ಈಗ ಎಂಬತ್ತೆರಡು ವರ್ಷ, ಗಂಡ ಹೋದಾಗಿನಿಂದ ನಮ್ಮ ಜೊತೆಯಲ್ಲೇ ಇದ್ದಾಳೆ. ಜೊತೆಯಲ್ಲಿ ಇದ್ದಾಳೆ ಅನ್ನುವುದಕ್ಕಿಂತ ನಾವೇ ಅವಳ ಕೈಕೆಳಗೆ ಇದ್ದೇವೆ ಅಂದರೆ ಸರಿಯಾದೀತು. ಬೆಳಿಗ್ಗೆ ಅವಳ ಮಡಿ ಮುಗಿಯುವ ತನಕ ಈ ಮನೆಯಲ್ಲಿ ನಾನೂ ಸುಧಾನೂ ಗೋಡೆಗೆ ಮೈ ಒತ್ತಿಕೊಂಡು ಓಡಾಡುತ್ತೇವೆ.

ಅಪ್ಪ ದೇವದುರ್ಗದಲ್ಲಿ ನೌಕರಿಯಲ್ಲಿದ್ದಾಗ ನನ್ನನ್ನು ಓದಲು ಮಾನ್ವಿಗೆ, ಅತ್ಯಾನ ಮನೆಗೆ ಕಳಿಸಿದ್ದರು. ಅತ್ಯಾನ ಗಂಡ ಅಲ್ಲಿ ಗುಡಿಯೊಂದರಲ್ಲಿ ಪೂಜೆ ಮಾಡುತ್ತಿದ್ದರು. ಅವರು ತೀರಾ ಮಿತಭಾಷಿ, ದೇವರ ಹತ್ತಿರ ಮಾತಾಡಿ ಮಾತಾಡಿ ಮನೆಗೆ ಬರುವಾಗ ಮಾತು ಮುಗಿದಿರುತ್ತಿತ್ತೋ ಏನೋ. ಮನೆಯ ಹಿಂದೆ ಹಾಳುಬಿದ್ದ ಒಂದು ಬಾವಿ, ಬಾವಿಯ ಮೇಲೆ ಬಾಗಿದ ಒಂದು ನೇರಳೆ ಮರ. ಕಾರು ಹುಣ್ಣಿಮೆಯ ಸುಮಾರಿಗೆ ಅತ್ಯಾ ಬೇರೆಯೇ ಹೆಂಗಸಾಗುತ್ತಿದ್ದಳು. ಮಡಿ, ಮೈಲಿಗೆ, ಮುಸುರಿ ಅಂತ ದಿನವೆಲ್ಲ ನಮ್ಮ ಜೀವ ತಿನ್ನುತ್ತಿದ್ದವಳು ಕಚ್ಚೆ ಬಿಗಿದು, ಉದ್ದನೆಯ ಗಳಕ್ಕೆ ಕೊಕ್ಕೆ ಕಟ್ಟಿ, ಟೊಂಗೆ ಅಲ್ಲಾಡಿಸಿ ಹಣ್ಣು ಉದುರಿಸುತ್ತಿದ್ದಳು. ತೊಳೆದು ಉಪ್ಪು ಹಚ್ಚಿ ಹಿತ್ತಾಳೆ ಬುಟ್ಟಿಯಲ್ಲಿ ಕುಲುಕುತ್ತಿದ್ದಳು. ಆಮೇಲೆ ಪಡಸಾಲೆಯ ಮೆಟ್ಟಿಲ ಮೇಲೆ ನಾವಿಬ್ಬರೂ ಕೂತು ತಿಂದು ಬೀಜ ಉಗುಳುವ ಪಂದ್ಯ. ಅಂಗಳದ ಆಚೆ ದನಕ್ಕೆ ನೀರಿಡುವ ಕಲ್ಲುದೋಣಿ ಇತ್ತು, ಅದರೊಳಗೆ ಬೀಳಬೇಕು. ಅತ್ಯಾ ಗುರಿ ತಪ್ಪುತ್ತಿರಲಿಲ್ಲ. ಮಾವ ಬಾಗಿಲಲ್ಲಿ ನಿಂತು ಒಮ್ಮೆ ನೋಡಿ, ಏನೂ ಕಾಣದವರ ಹಾಗೆ ಒಳಗೆ ಹೋಗುತ್ತಿದ್ದರು.

ಅವಳು ಜೀವನದಲ್ಲಿ ಆಸೆಪಟ್ಟು ತಿಂದದ್ದು ಅದೊಂದೇ ಹಣ್ಣು ಎಂದು ನನ್ನ ನಂಬಿಕೆ. ಮಾವಿನಹಣ್ಣು ಕೊಟ್ಟರೆ "ಇಡು ಅಲ್ಲೆ" ಅನ್ನುತ್ತಿದ್ದಳು. ಬಾಳೆಹಣ್ಣು ಅವಳ ಲೆಕ್ಕದಲ್ಲಿ ಹಣ್ಣೇ ಅಲ್ಲ, ಪೂಜೆಯ ಸಾಮಾನು.

ನಾನು ನೌಕರಿಗೆ ಸೇರಿದ ವರ್ಷ ಅಪ್ಪ ಹೋದರು. ಮರುವರ್ಷ ಗಯಾದಲ್ಲಿ ಶ್ರಾದ್ಧ ಮಾಡಬೇಕೆಂದು ಹೊರಟಾಗ ಅತ್ಯಾ ನಾನೂ ಬರುತ್ತೇನೆ ಎಂದಳು. ಅಪ್ಪ ಅವಳಿಗೆ ಒಬ್ಬನೇ ಅಣ್ಣ. ರೈಲಿನಲ್ಲಿ ಎರಡು ದಿನ ಅವಲಕ್ಕಿ, ಮೊಸರು ಬಿಟ್ಟರೆ ಏನೂ ಮುಟ್ಟಲಿಲ್ಲ. ಗಯಾದ ಪದ್ಧತಿ ನಿಮಗೆ ಗೊತ್ತಿರಬಹುದು. ಪಿಂಡದ ಕೆಲಸವೆಲ್ಲ ಮುಗಿದ ಮೇಲೆ ಆಲದ ಮರದ ಕೆಳಗೆ ಕೂರಿಸಿ, ಹೋದವರ ಹೆಸರಿನಲ್ಲಿ ನಿಮಗೆ ಇಷ್ಟವಾದ ಒಂದು ಹಣ್ಣು, ಒಂದು ತರಕಾರಿ ಬಿಡಿ ಅನ್ನುತ್ತಾರೆ. ಬಿಟ್ಟರೆ ಜೀವ ಇರುವ ತನಕ ಬಿಟ್ಟ ಹಾಗೆ. ನಮ್ಮ ಬಳಗದಲ್ಲಿ ಗಯಾಕ್ಕೆ ಹೋಗಿ ಬಂದವರೆಲ್ಲ ಈ ವಿಷಯದಲ್ಲಿ ಭಾರೀ ಜಾಣರು. ಒಬ್ಬರು ಹಾಗಲಕಾಯಿ ಬಿಟ್ಟಿದ್ದರು. ಇನ್ನೊಬ್ಬರು ಸಕ್ಕರೆ ಕಾಯಿಲೆ ಬಂದ ಮೇಲೆ ಹೋಗಿ ಸೀತಾಫಲ ಬಿಟ್ಟು ಬಂದರು.

ನಾನು ಅವರಿಗಿಂತಲೂ ಜಾಣ. ಆಗ ಇಪ್ಪತ್ತೊಂಬತ್ತು ವರ್ಷ, ವಿಜ್ಞಾನ ಓದಿದ ಸೊಕ್ಕು ಬೇರೆ. ರಾಯಚೂರಿನಲ್ಲಿ ಬೇಸಿಗೆಗೆ ಬರ್ಫದ ಗೋಲಾ ಎನ್ನುವ ಐಸಿನ ಉಂಡೆಯ ಮೇಲೆ ಕೆಂಪಗೆ ಒಂದು ಪಾಕ ಸುರಿಯುತ್ತಿದ್ದರು, ಬಾಟಲಿಯ ಮೇಲೆ ರಾಸ್‌ಬೆರಿ ಎಂದು ಬರೆದಿರುತ್ತಿತ್ತು. ಅದರೊಳಗೆ ಬಣ್ಣ, ಸಕ್ಕರೆ ಬಿಟ್ಟರೆ ಯಾವ ಹಣ್ಣೂ ಇಲ್ಲವೆಂದು ನನಗೆ ಗೊತ್ತಿತ್ತು. ಶ್ರಾದ್ಧ ಮಾಡಿಸುತ್ತಿದ್ದ ಪಂಡಾ ನನ್ನ ಕಡೆ ತಿರುಗಿ ಯಾವ ಹಣ್ಣು ಎಂದಾಗ ನಾನು ಗಂಭೀರವಾಗಿ "ರಾಸ್‌ಬೆರಿ" ಎಂದೆ. "ವೋ ಕ್ಯಾ ಹೈ?" ಎಂದ. "ವಿಲಾಯತಿ ಫಲ್" ಎಂದೆ. ನಮ್ಮ ಹಿಂದೆ ಇನ್ನೂ ಹತ್ತು ಜನ ಅವನಿಗಾಗಿ ಕಾದಿದ್ದರು. "ಠೀಕ್ ಹೈ, ಬೋಲೋ, ಛೋಡ್ ದಿಯಾ" ಎಂದ. ನಾನು ಬಿಟ್ಟೆ. ಜೀವಮಾನದಲ್ಲಿ ಕಣ್ಣಿಗೆ ಬೀಳದ ಹಣ್ಣನ್ನು ಅಪ್ಪನ ಹೆಸರಿನಲ್ಲಿ ಬಿಟ್ಟುಕೊಟ್ಟು ಒಳಗೊಳಗೆ ನಗುತ್ತಾ ಕೂತೆ. ಪಕ್ಕದಲ್ಲಿ ಅತ್ಯಾ ಕೈಯಲ್ಲಿ ನೀರು ಹಿಡಿದು ಕಣ್ಣು ಮುಚ್ಚಿದ್ದಳು. ಅವಳ ಸರದಿ ಬಂತು. "ನೇರಲಹಣ್ಣು" ಎಂದಳು. ಪಂಡಾನಿಗೆ ಕನ್ನಡ ತಿಳಿಯಲಿಲ್ಲ. ನಾನೇ ಜಾಮುನ್ ಎಂದು ಹಿಂದಿಯಲ್ಲಿ ಹೇಳಬೇಕಾಯಿತು. ಹೇಳುವಾಗ ನನ್ನ ನಗು ಎಲ್ಲಿ ಹೋಯಿತೋ.

ಆಗಿನಿಂದ ಮೂವತ್ತನಾಲ್ಕು ವರ್ಷ. ಪ್ರತಿ ವರ್ಷ ಮುಂಗಾರು ಹಿಡಿಯುವಾಗ ನಮ್ಮ ಓಣಿಗೆ ಹಣ್ಣಿನ ಬುಟ್ಟಿ ಹೊತ್ತ ಹೆಂಗಸು ಬರುತ್ತಾಳೆ. ಅತ್ಯಾ ತಾನೇ ಬಾಗಿಲಿಗೆ ಹೋಗಿ, ಒಂದೊಂದೇ ಹಣ್ಣು ಮುಟ್ಟಿ ನೋಡಿ ಆರಿಸಿ ಕೊಳ್ಳುತ್ತಾಳೆ, ಉಪ್ಪು ಹಚ್ಚಿ ಕುಲುಕಿ ನಮ್ಮ ಮುಂದೆ ಇಡುತ್ತಾಳೆ, ಆಮೇಲೆ ಬೆರಳನ್ನು ಸೀರೆಗೆ ಒರೆಸಿಕೊಳ್ಳದೆ ಹಿತ್ತಲಿಗೆ ಹೋಗಿ ತೊಳೆದುಕೊಂಡು ಬರುತ್ತಾಳೆ. ಅಷ್ಟು ವರ್ಷ ನಾನು ಅದನ್ನು ನೋಡಿಯೂ ನೋಡದವನ ಹಾಗೆ ತಿಂದಿದ್ದೇನೆ. ವಯಸ್ಸಾದ ಹಾಗೆ ನಾಚಿಕೆ ಹೆಚ್ಚಾಗುತ್ತದೆ ಎಂದು ಕಾಣುತ್ತದೆ. ನಿವೃತ್ತಿಯ ವರ್ಷ ಆ ಬುಟ್ಟಿ ಬಂದಾಗ ನನಗೆ ಒಂದು ಹಣ್ಣನ್ನೂ ಬಾಯಿಗೆ ಹಾಕಲಾಗಲಿಲ್ಲ.

ಅದೇ ವಾರ ಮೊಬೈಲಿನಲ್ಲಿ ಏನೋ ನೋಡುತ್ತಿದ್ದಾಗ ಈ ಗಿಡ ಕಂಡಿತು. ಮುಳ್ಳಿನ ಬಳ್ಳಿಯಂಥ ಕೋಲು, ತುದಿಯಲ್ಲಿ ಕರ್ರಗಿನ ಗೊಂಚಲು, ಹಿಚುಕಿದರೆ ಕೈಯೆಲ್ಲ ನೇರಳೆ ಬಣ್ಣ. ಗಿಡ ಮಾರುವವರಿಗೆ ಫೋನು ಮಾಡಿದೆ. "ರುಚಿ ಹೇಗಿರುತ್ತೆ?" ಎಂದರೆ "ನೇರಳೆ ಹಣ್ಣಿನ ಥರಾನೇ ಸಾರ್" ಎಂದರು. "ರಾಯಚೂರಲ್ಲಿ ಬರುತ್ತಾ?" ಎಂದರೆ "ಎಲ್ಲ ಕಡೆ ಬರುತ್ತೆ ಸಾರ್" ಎಂದರು. ಎರಡೂ ಸುಳ್ಳೆಂದು ಆಮೇಲೆ ಗೊತ್ತಾಯಿತು, ಆದರೆ ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಆ ಎರಡು ಮಾತೇ. ನೇರಳೆಯಂಥದೇ ರುಚಿ, ಆದರೆ ಅತ್ಯಾ ಬಿಟ್ಟ ಹಣ್ಣಲ್ಲ. ಅವಳ ಬಾಯಿಗೆ ಆ ರುಚಿ ಇನ್ನೊಮ್ಮೆ ಬೀಳಬೇಕು, ಅವಳ ಕಾಲದಲ್ಲೇ ಬೀಳಬೇಕು. ನಾನೇ ಬಿಟ್ಟ ಹಣ್ಣು ಅದು ಎಂದು ನೆನಪಿರಲಿಲ್ಲವೇ ಎಂದು ಕೇಳಬಹುದು. ನೆನಪಿತ್ತು. ಹುಡುಗುತನದ ತಮಾಷೆ, ಅದನ್ನೇನು ಹಿಡಿಯುವುದು ಎಂದುಕೊಂಡಿದ್ದೆ.

ಮಳೆಗಾಲದಲ್ಲಿ ಕೊರಿಯರ್‌ನಲ್ಲಿ ಎರಡು ಸಸಿ ಬಂದವು. ಒಂದು ರಟ್ಟಿನ ಡಬ್ಬಿಯಲ್ಲೇ ಒಣಗಿ ಹೋಗಿತ್ತು. ಇನ್ನೊಂದನ್ನು ಪೂರ್ವದ ಗೋಡೆಯ ಪಕ್ಕ ನೆಟ್ಟೆ. ಅದು ಚಳಿಗಾಲದ ಹೊತ್ತಿಗೆ ನನ್ನ ಎದೆಮಟ್ಟ ನಾಲ್ಕು ಕೋಲು ಬಿಟ್ಟಿತು. ಈ ಗಿಡದ ಸ್ವಭಾವ ವಿಚಿತ್ರ. ಮೊದಲ ವರ್ಷ ಬರೀ ಕೋಲು ಬೆಳೆಯುತ್ತದೆ. ಅದೇ ಕೋಲು ಮರುವರ್ಷ ಹಣ್ಣು ಕೊಟ್ಟು ಒಣಗಿ ಹೋಗುತ್ತದೆ. ಅಷ್ಟರಲ್ಲಿ ಬುಡದಿಂದ ಮುಂದಿನ ವರ್ಷದ ಕೋಲು ಎದ್ದಿರುತ್ತದೆ. ನನ್ನದು ಎಲೆ ಉದುರಿಸಿಕೊಂಡು ಬೂದಿ ಬಳಿದ ಹಾಗೆ ಬೆಳ್ಳಗೆ ನಿಂತಿತ್ತು. ಮುಂದಿನ ಮಳೆಗೆ ಹಣ್ಣು ಎಂದು ನಾನು ದಿನಾ ಅದನ್ನು ಮಾತಾಡಿಸಿಕೊಂಡು ಬರುತ್ತಿದ್ದೆ.

ಆಗ ಬಂದ ನೋಡಿ ಬಸಣ್ಣ. ಬಸಣ್ಣ ಮಾನ್ವಿಯಲ್ಲಿ ನನ್ನ ಜೊತೆ ಓದಿದವನು, ಜಾಲಹಳ್ಳಿಯವನು, ಅಲ್ಲಿ ಹತ್ತಿ ಬೆಳೆಯುತ್ತಾನೆ. ಹತ್ತಿ ಮಾರಲು ರಾಯಚೂರಿಗೆ ಬಂದರೆ ನಮ್ಮ ಮನೆಯಲ್ಲಿ ಚಹಾ ಕುಡಿಯದೆ ಹೋಗುವವನಲ್ಲ, ಸುಮ್ಮನೆ ಕೂರುವವನೂ ಅಲ್ಲ. ನಾನು ಒಳಗೆ ಹೋಗಿ ಚಹಾ ಹಿಡಿದು ಬರುವಷ್ಟರಲ್ಲಿ ಅವನು ಹಿತ್ತಲಿನ ಕುಡುಗೋಲು ಹುಡುಕಿ ತಂದು ನಾಲ್ಕೂ ಕೋಲನ್ನು ನೆಲಮಟ್ಟ ಕೊಯ್ದು, ಮುಳ್ಳು ಚುಚ್ಚದ ಹಾಗೆ ಅಚ್ಚುಕಟ್ಟಾಗಿ ಕಟ್ಟು ಕಟ್ಟುತ್ತಿದ್ದ.

"ಏನ್ ಮಾಡಿದ್ಯೋ ಬಸಣ್ಣಾ!" ಎಂದೆ.

"ಏನ್ ಮಾಡೂದಲೇ ಮಾಸ್ತರಾ, ಒಣ ಕಟಗಿ ಅಂಗಳದಾಗ ಇಟಗೊಂಡು ಕುಂತೀಯಲ್ಲ! ಹತ್ತಿ ಬಿಡಿಸಿದ ಮ್ಯಾಲ ಯಾವನರ ಕಟಗಿ ಹೊಲದಾಗ ಬಿಡ್ತಾನೇನು? ನೋಡಾಕ ಚಂದ ಕಾಣಂಗಿಲ್ಲ."

"ಅದರಾಗ ಹಣ್ಣು ಬರೂದಿತ್ತೋ, ಮುಂದಿನ ಮಳಿಗೆ."

"ಒಣ ಕಟಗ್ಯಾಗ ಹಣ್ಣಾ?" ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇದನ್ನ ಏನಲೇ ನೀ ಸಾಲ್ಯಾಗ ಹುಡುಗ್ರಿಗೆ ಕಲಿಸಿದ್ದು?"

ಸಿಟ್ಟು ಬಂದು ಎಲ್ಲ ಹೇಳಿಬಿಟ್ಟೆ. ಗಯಾ, ನೇರಳೆ, ಅತ್ಯಾ, ಅವಳ ವಯಸ್ಸು, ಒಂದು ವರ್ಷ ಹಾಳಾಯಿತಲ್ಲ ಎಂಬುದು. ಬಸಣ್ಣ ಕುಡುಗೋಲು ಕೆಳಗಿಟ್ಟ. ಚಹಾ ಕುಡಿಯಲಿಲ್ಲ. ಎಂಟು ದಿನಕ್ಕೆ ಜಾಲಹಳ್ಳಿ ಬಸ್ಸಿನ ತಲೆಮೇಲೆ ಒಂದು ಚೀಲ ಕುರಿಗೊಬ್ಬರ ಹಾಕಿಕೊಂಡು ಬಂದ. ಬಂದವನು ನನ್ನ ಹತ್ತಿರ ಮಾತಾಡದೆ ನೇರ ಪಡಸಾಲೆಯ ಕಟ್ಟೆಯ ಕೆಳಗೆ ನಿಂತು, "ಯವ್ವಾ, ನಿಮ್ಮ ಹಣ್ಣಿಗೆ ನಾ ಕುಡುಗೋಲು ಹಾಕೀನ್ರಿ, ತಪ್ಪಾತು" ಎಂದ.

ಅಲ್ಲಿಯ ತನಕ ಅತ್ಯಾನಿಗೆ ಈ ಗಿಡ ಯಾರಿಗಾಗಿ ಎಂದು ನಾನು ಹೇಳಿರಲಿಲ್ಲ. ಹಣ್ಣು ಬಂದ ಮೇಲೆ ತಟ್ಟೆಯಲ್ಲಿಟ್ಟು ಕೊಡಬೇಕು, ಅವಳು ಬೆರಗಾಗಬೇಕು ಎಂದೆಲ್ಲ ನಾಟಕ ಹಾಕಿಕೊಂಡಿದ್ದೆ. ಬಸಣ್ಣ ಒಂದೇ ಮಾತಿನಲ್ಲಿ ಪರದೆ ಎಳೆದ. ಅತ್ಯಾ ಅವನಿಗೆ, "ಬೇರಿಗೇನು ಹಾಕಿಲ್ಲಲ್ಲಪ್ಪಾ, ಬಿಡು, ಚಿಗುರ್ತದ. ಊಟ ಮಾಡಿ ಹೋಗು" ಎಂದಳು. ಅವನು ಹೋದ ಮೇಲೆ ನನ್ನನ್ನು ಕರೆದಳು.

"ಗುರ್ಯಾ, ನಾ ಬಿಟ್ಟದ್ದು ನನಗ ಭಾರ ಆಗಿಲ್ಲೋ. ನಿನಗ್ಯಾಕ ಭಾರ ಆಗೇದ?"

ಅರವತ್ತು ವರ್ಷದ ನಾನು ಎಂಟನೇ ಇಯತ್ತೆಯ ಹುಡುಗನ ಹಾಗೆ ನೆಲ ನೋಡಿಕೊಂಡು ನಿಂತಿದ್ದೆ. ಉತ್ತರ ಗೊತ್ತಿತ್ತು. ಹೇಳದೆ ಗೊಬ್ಬರದ ಚೀಲ ಬಿಚ್ಚಲು ಹೋದೆ.

ಕುರಿಗೊಬ್ಬರದ ಗುಣವೋ ಬಸಣ್ಣನ ಪಶ್ಚಾತ್ತಾಪದ ಗುಣವೋ, ಮಳೆ ಬಿದ್ದ ಮೇಲೆ ಬುಡದಿಂದ ಆರು ಕೋಲು ಎದ್ದವು. ಮರುವರ್ಷ ಅವು ಸಣ್ಣಗೆ ಗುಲಾಬಿ ಬಣ್ಣದ ಹೂ ಬಿಟ್ಟವು. ಕಾಯಿ ಹಸಿರಾಗಿ, ಕೆಂಪಾಗಿ, ಮೂರು ಹಣ್ಣು ಕರ್ರಗಾದವು. ಯಾವಾಗ ಅಂತೀರಿ? ಆಷಾಢ ಏಕಾದಶಿ ದಾಟಿ ನಾಲ್ಕು ದಿನಕ್ಕೆ. ಚಾತುರ್ಮಾಸದ ಮೊದಲ ತಿಂಗಳು ನಮ್ಮ ಮನೆಯಲ್ಲಿ ಶಾಕವ್ರತ. ಕಾಯಿಪಲ್ಲೆ ಇಲ್ಲ, ಹುಣಸೆಹಣ್ಣಿಲ್ಲ, ಕರಿಬೇವು ಕೂಡ ಇಲ್ಲ. ಮಾವಿನಹಣ್ಣಿಗೊಂದು ರಿಯಾಯಿತಿ ಬಿಟ್ಟರೆ ಯಾವ ಹಣ್ಣೂ ಇಲ್ಲ. ತಿಂಗಳಿಡೀ ಹೆಸರುಬೇಳೆ, ಮೆಣಸು, ಜೀರಿಗೆ. ಅತ್ಯಾನೂ ಸುಧಾನೂ ಕಟ್ಟುನಿಟ್ಟಾಗಿ ಹಿಡಿಯುತ್ತಾರೆ. ನಾನು ಹಿಡಿದ ಹಾಗೆ ಮಾಡುತ್ತೇನೆ. ಮೂರು ಹಣ್ಣು ಬಿಡಿಸಿ ತಂದು ಕಟ್ಟೆಯ ಮೇಲೆ ಇಟ್ಟು ನೋಡುತ್ತಾ ಕೂತೆ. ಇಟ್ಟರೆ ನಾಳೆಗೆ ಕೊಳೆಯುತ್ತವೆ. ತಂಪುಪೆಟ್ಟಿಗೆಯಲ್ಲಿಟ್ಟ ವಸ್ತುವನ್ನು ಅತ್ಯಾ ಮುಟ್ಟುವುದಿಲ್ಲ. ಆ ಗಿಡ ಮಾರಿದವನ ಮಾತು ನಿಜವೋ ಸುಳ್ಳೋ ತಿಳಿದುಕೊಳ್ಳೋಣ ಎಂದು ಒಂದನ್ನು ಎತ್ತಿ ಬಾಯಿಯ ಹತ್ತಿರ ತಂದೆ.

"ಲೇ ಗುರ್ಯಾ." ಒಳಗಿನಿಂದ ಬತ್ತಿ ಹೊಸೆಯುತ್ತಾ ಅತ್ಯಾ ಅಂದಳು. "ಗಯಾದಾಗ ಏನ್ ಬಿಟ್ಟಿ, ನೆನಪದ?"

ಮೂವತ್ತಮೂರು ವರ್ಷ ಆ ಮಾತು ಎತ್ತಿರಲಿಲ್ಲ ಅವಳು. ಅಂದರೆ ಅಂದು ಕಣ್ಣು ಮುಚ್ಚಿ ಕೂತವಳು ಕಿವಿ ಮುಚ್ಚಿರಲಿಲ್ಲ.

"ಅದು ಕೆಂಪಂದು ಅತ್ಯಾ. ಇದು ಕರೀದು. ಜಾತಿನ ಬ್ಯಾರೆ" ಎಂದೆ. ಮೂವತ್ತು ವರ್ಷದ ಸಸ್ಯಶಾಸ್ತ್ರ ಕೆಲಸಕ್ಕೆ ಬಂದದ್ದು ಅದೇ ಮೊದಲು.

"ಗಯಾದಾಗ ಬಣ್ಣ ಹೇಳಿದ್ದೇನು ನೀ?"

ಹೇಳಿರಲಿಲ್ಲ. ಹಣ್ಣನ್ನು ತಟ್ಟೆಗೆ ಇಟ್ಟೆ.

"ತಮಾಷಿಗೆ ಅಂದಿದ್ದೆ ಅತ್ಯಾ ಅವತ್ತು" ಎಂದೆ. ಅಷ್ಟು ವರ್ಷ ಗಂಟಲಲ್ಲಿ ಇದ್ದ ಮಾತು ಅದೊಂದೇ. ಅವಳು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ನೀ ತಮಾಷಿಗೆ ಅಂದಿದ್ದಿ. ಅಣ್ಣ ಖರೇನ ತೊಗೊಂಡಿರ್ತಾನ. ಅವನ ಸ್ವಭಾವ ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ಅಪ್ಪನಿಗೆ ತಮಾಷೆ ಎಂದರೆ ತಿಳಿಯುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನಾನು ಆನೆ ತಂದುಕೊಡು ಎಂದು ಅತ್ತದ್ದಕ್ಕೆ ದೇವದುರ್ಗದಿಂದ ಮಾನ್ವಿಗೆ ಬರುವಾಗ ಮರದ ಆನೆ ಹುಡುಕಿ ಮೂರು ಅಂಗಡಿ ತಿರುಗಿದ್ದರಂತೆ. ಸಿಗದೆ ಒಂದು ಮರದ ಕುದುರೆ ತಂದು, ಆನೆ ಅಲ್ಲ ಎಂದು ನನ್ನ ಹತ್ತಿರ ಕ್ಷಮೆ ಕೇಳಿದ್ದರು. ಅವರಿಗೆ ನಾನು ಇಲ್ಲದ ಹಣ್ಣು ಕೊಟ್ಟು ಬಂದಿದ್ದೆ.

ಆ ಮೂರು ಹಣ್ಣಿನ ಸುತ್ತ ಮನೆಯಲ್ಲಿ ಮೂವರು ಕೂತಿದ್ದೆವು, ತಿನ್ನುವವರು ಒಬ್ಬರೂ ಇರಲಿಲ್ಲ. "ಇದು ಮನಿಯೋ ಮಠಾನೋ!" ಎಂದು ಸುಧಾ ಹಣೆ ಚಚ್ಚಿಕೊಂಡಳು. ಕೊನೆಗೆ ತಟ್ಟೆಯನ್ನು ಕಂಪೌಂಡ್ ಗೋಡೆಯ ಮೇಲೆ ಇಟ್ಟೆವು. ಪಿಕಳಾರ ಹಕ್ಕಿಯೊಂದು ಬಂದು ಯಾವ ವ್ರತವೂ ಇಲ್ಲದೆ ಮೂರನ್ನೂ ತಿಂದು, ಗೋಡೆಗೆ ಕೊಕ್ಕು ಒರೆಸಿ ಹೋಯಿತು. ಅತ್ಯಾ "ಮುಂದಿನ ವರ್ಷ ನೋಡೋಣ" ಎಂದಳು. ಎಂಬತ್ತು ದಾಟಿದವರು ಮುಂದಿನ ವರ್ಷ ಎಂದರೆ ಕೇಳಿದವರ ಎದೆ ಸುಮ್ಮನಿರುವುದಿಲ್ಲ.

ಮರುವರ್ಷದ ಬೇಸಿಗೆಯನ್ನು ನಾನು ಎಂದೂ ಮರೆಯುವುದಿಲ್ಲ. ಹಣ್ಣು ಕೊಟ್ಟ ಕೋಲು ಒಣಗಿ, ಹೊಸದಾಗಿ ಎದ್ದದ್ದು ಐದು. ಮಾರ್ಚಿನಲ್ಲಿ ಎಲೆ ಅಂಚು ಸುಡತೊಡಗಿತು. ಗೋಣಿಚೀಲ ಒದ್ದೆ ಮಾಡಿ ಕಟ್ಟಿದೆ, ಗಾಳಿಗೆ ಹಾರಿತು. ಹಸಿರು ಪರದೆ ತಂದೆ, ಮಂಗ ಹರಿಯಿತು. ಏಪ್ರಿಲ್ ಮೊದಲ ವಾರ ಎರಡು ಕೋಲು ಹೋದವು. ಒಂದು ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಗಿಡದ ಮೇಲೆ ಅಡ್ಡಡ್ಡ ಎರಡು ಗಳ, ಗಳದ ಮೇಲೆ ಅತ್ಯಾನ ಒದ್ದೆ ಮಡಿ ಸೀರೆ. ಒಂಬತ್ತು ಗಜದ ಸೀರೆ. ಮೂರೂ ಕೋಲು ಅದರ ನೆರಳಿನಲ್ಲಿ ನಿಂತಿದ್ದವು. ನಾನು ತಂಬಿಗೆ ಹಿಡಿದು ನೀರು ಹಾಕಲು ಹೋದೆ.

"ಮುಟ್ಟಬ್ಯಾಡಾ!" ಎಂದಳು ಅತ್ಯಾ ಒಳಗಿನಿಂದ. "ಮಡಿ ಅದ ಅದು."

ಗಿಡ ಮಡಿಯಾಯಿತು. ಅಂದಿನಿಂದ ಎರಡೂವರೆ ತಿಂಗಳು ಅದರ ಹತ್ತಿರ ನಾನು ಹೋಗುವ ಹಾಗಿರಲಿಲ್ಲ, ಸುಧಾ ಹೋಗುವ ಹಾಗಿರಲಿಲ್ಲ, ಕಸ ಗುಡಿಸುವವಳು ಆ ಕಡೆ ತಿರುಗುವ ಹಾಗೂ ಇರಲಿಲ್ಲ. ನೀರು ಹಾಕುವವಳು ಅತ್ಯಾ ಒಬ್ಬಳೇ. ಬೆಳಿಗ್ಗೆ ಸ್ನಾನ ಮಾಡಿ, ಸೀರೆ ಹಿಂಡಿ ಕೋಲಿನಿಂದ ಗಳದ ಮೇಲೆ ಹರಡಿ, ಎರಡು ತಂಬಿಗೆ ನೀರು ಹೊಯ್ಯುತ್ತಿದ್ದಳು. ಒಣಗಿದ ಸೀರೆ ತೆಗೆದು ಉಟ್ಟು ಪೂಜೆಗೆ ಕೂರುವ ಮುಂಚೆ ಇನ್ನೊಂದನ್ನು ಒದ್ದೆ ಮಾಡಿ ಹಾಕುತ್ತಿದ್ದಳು. ಮಂಗಗಳು ಎಲ್ಲ ಹರಿದವು, ಆ ಸೀರೆ ಮುಟ್ಟಲಿಲ್ಲ. ಅತ್ಯಾ ಬಾಗಿಲಲ್ಲಿ ಮಡಿಕೋಲು ಹಿಡಿದು ಕೂತಿರುತ್ತಿದ್ದದ್ದೂ ಕಾರಣವಿರಬಹುದು. ಬೆಳಿಗ್ಗೆ ಅವಳು ಆ ಗಿಡದ ಹತ್ತಿರ ಏನೋ ಮಾತಾಡುತ್ತಿದ್ದಳು. ಏನು ಎಂದು ನಾನು ಕೇಳಲಿಲ್ಲ. ಅಂತೂ ನಾನು ಅವಳಿಗೆಂದು ತಂದ ಗಿಡವನ್ನು ಅವಳೇ ಸಾಕಬೇಕಾಯಿತು. ನನ್ನನ್ನೂ ಅವಳೇ ಸಾಕಿದ್ದು, ಅದಕ್ಕೆ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಜೂನಿನಲ್ಲಿ ಕಾಯಿ ತುಂಬಿಕೊಂಡವು. ಎಣಿಸುವುದನ್ನು ನಾನು ಬಿಟ್ಟಿದ್ದೆ, ದೃಷ್ಟಿಯಾಗುತ್ತದೆ ಎಂದು. ವಿಜ್ಞಾನದ ಮಾಸ್ತರ ನಾನು, ನೆನಪಿಡಿ. ಗೋಡೆಯ ಪಂಚಾಂಗವನ್ನು ಮಾತ್ರ ದಿನಾ ನೋಡುತ್ತಿದ್ದೆ. ಆಷಾಢ ಏಕಾದಶಿಗೆ ಇನ್ನು ಹತ್ತು ದಿನ ಎಂದಾಗ ಎಲ್ಲ ಹಸಿರು. ಆರು ದಿನ ಎಂದಾಗ ಅಲ್ಲಲ್ಲಿ ಕೆಂಪು. ಮೂರು ದಿನ ಎಂದಾಗ ಎಲ್ಲ ಕೆಂಪು, ಮೋಡ ಮುಚ್ಚಿ ಬಿಸಿಲೇ ಇಲ್ಲ. ವರ್ಷವಿಡೀ ಬೈದುಕೊಂಡ ರಾಯಚೂರಿನ ಬಿಸಿಲಿಗೆ ನಾನು ಕೈಮುಗಿದು ಬಾರಪ್ಪ ಎಂದದ್ದು ಆಗಲೇ. ಪೋತ್ನಾಳದ ಕಡೆ ಭತ್ತದ ಸಸಿ ಹಾಕಿದವರೆಲ್ಲ ಮಳೆಗೆ ಕೈಮುಗಿಯುತ್ತಿದ್ದ ಹೊತ್ತು ಅದು. ದಶಮಿಯ ಬೆಳಿಗ್ಗೆ ಹನ್ನೊಂದು ಹಣ್ಣು ಕರ್ರಗಾಗಿದ್ದವು. ಮಾರನೆಯ ದಿನ ಏಕಾದಶಿ, ಉಪವಾಸ. ಅದರಾಚೆ ವ್ರತ. ದಶಮಿಗೆ ಒಂದೇ ಊಟ. ತಿನ್ನುವುದಿದ್ದರೆ ಆ ಒಂದು ಊಟದಲ್ಲಿ.

ಅತ್ಯಾನೇ ಬಿಡಿಸಿ ತಂದಳು. ಬೆಳ್ಳಿ ಬಟ್ಟಲಿಗೆ ಹಾಕಿ ಮೇಲೊಂದು ತುಳಸಿ ಇಟ್ಟಳು. "ಗೊತ್ತಿಲ್ಲದ ಹಣ್ಣು, ದೇವರಿಗೆ ಬರ್ತದೇನು ಅತ್ಯಾ?" ಎಂದು ಸುಧಾ ಕೇಳಿದಳು. "ಮಾಡಿದಾವಾ ಅವನಽ, ಅವಗ ಗೊತ್ತಿರೂದಿಲ್ಲೇನು?" ಎಂದು ನೈವೇದ್ಯ ಮಾಡಿದಳು. ಊಟಕ್ಕೆ ಕೂತೆವು. ಬಟ್ಟಲು ಅವಳ ಎಲೆಯ ಪಕ್ಕದಲ್ಲಿತ್ತು. ಸಾರು ಆಯಿತು, ಮೊಸರನ್ನ ಆಯಿತು. ಅವಳು ಬಟ್ಟಲಿಗೆ ಕೈ ಹಾಕಲಿಲ್ಲ.

"ತಿನ್ನು ಅತ್ಯಾ."

"ನೀ ತಿನ್ನಲಾರದ್ದು ನಿನ್ನ ಮುಂದ ಕೂತು ನಾ ಹೆಂಗ ತಿನ್ನಲಿ?"

ನನಗೆ ಎಲ್ಲಿಯದೋ ಸಿಟ್ಟು ಬಂತು. ನಾಲ್ಕು ವರ್ಷದ ಸಿಟ್ಟು; ಕೊರಿಯರ್‌ನವನದು, ಬಸಣ್ಣನದು, ಮಂಗನದು, ಮೋಡದ್ದು. "ಮೂವತ್ತನಾಲ್ಕು ವರ್ಷ ನೇರಲಹಣ್ಣು ಆರಿಸಿ ಉಪ್ಪು ಹಚ್ಚಿ ನನ್ನ ಮುಂದ ಇಟ್ಟಿ. ನೀ ತಿನ್ನಲಾರದ್ದು ನಾ ನಿನ್ನ ಮುಂದ ಕೂತು ತಿಂದೆ. ಒಂದ್ ಸರ್ತಿ ನನಗೂ ನಿನ್ನ ಮುಂದ ಇಟ್ಟು ನೋಡ್ಲಿಕ್ಕೆ ಬಿಡು" ಎಂದೆ. ಸುಧಾ ಉಪ್ಪಿನಕಾಯಿ ಭರಣಿಯ ಕಡೆ ನೋಡುತ್ತಿದ್ದಳು.

ಅತ್ಯಾ ಕಟ್ಟಿಸಿದ ಹಲ್ಲು ತೆಗೆದು ಎಲೆಯ ಪಕ್ಕ ಇಟ್ಟು ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿತು. ಇನ್ನೊಂದು ಹಾಕಿಕೊಂಡಳು.

"ನೇರಲಹಣ್ಣಿನ ಹಂಗ ಅದ?" ಎಂದೆ.

"ಎಲ್ಲೀದು! ಏನೇನೂ ಸಂಬಂಧ ಇಲ್ಲ."

ಅವಳು ಮೂರನೆಯದನ್ನು ಹಾಕಿಕೊಂಡಳು, ನಾಲ್ಕನೆಯದನ್ನು ಹಾಕಿಕೊಂಡಳು. ಐದನೆಯದನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿ ಬಾಯಿಗೆ ಹಾಕಿಕೊಂಡಳು. ಸುಧಾನ ಎಲೆಗೆ ಎರಡು ಹಾಕಿದಳು. ನನ್ನ ಎಲೆಗೆ ಹಾಕಲಿಲ್ಲ. ಅದನ್ನು ನೋಡಿ ನನಗೆ ಎಷ್ಟು ಹಗುರಾಯಿತೆಂದು ಹೇಳಲಾರೆ. ಮೊದಲ ಸಲ ಅವಳು ನನ್ನನ್ನು ಕೊಟ್ಟ ಮಾತಿನ ಮನುಷ್ಯನೆಂದು ಲೆಕ್ಕ ಹಿಡಿದಿದ್ದಳು.

"ಮತ್ತ ಹೆಂಗದ?" ಎಂದು ಕೇಳಿದೆ.

ಅವಳು ಅವಸರ ಮಾಡಲಿಲ್ಲ. ಬಾಯಲ್ಲಿದ್ದದ್ದನ್ನು ಪೂರ್ತಿ ಮುಗಿಸಿ, ಕೈ ತೊಳೆಯದೆ ಹಾಗೇ ಕೂತು, ನನಗೆ ತಿಳಿಯುವ ಹಾಗೆ ಹೇಳತೊಡಗಿದಳು. "ಹುಳಿ ಮೊದಲ ಬರ್ತದ. ಹಿಂಗ, ಗಲ್ಲ ಒಳಗ ಎಳಕೋತದ. ಬ್ಯಾಡಾಗಿತ್ತು ಅನ್ನಸ್ತದ. ಉಗುಳಬೇಕು ಅನ್ನೂದ್ರಾಗ ಸಿಹಿ ಬರ್ತದ. ಭಾಳ ಸಿಹಿ ಅಲ್ಲ. ಸಣ್ಣ ಸಣ್ಣ ಬೀಜ ಅವ, ಅಕ್ಕಿ ನುಚ್ಚಿನ ಹಂಗ ನಾಲಿಗಿಗೆ ಹತ್ತತಾವ. ವಾಸನಿ ಒಂದದ, ಅದು ಕಡೀಕ ಬರ್ತದ. ಕೇದಿಗಿ ಇಟ್ಟ ಪೆಟ್ಟಿಗಿ ತಗದ ಹಂಗ." ನಿಲ್ಲಿಸಿ ಯೋಚಿಸಿದಳು, ಸರಿಯಾದದ್ದು ಸಿಕ್ಕಲಿಲ್ಲವೆಂಬಂತೆ. "ಗುರ್ಯಾ, ಅಣ್ಣ ಬೈದು ಹೊರಗ ಹೋಗಿ, ಆಮ್ಯಾಲೆ ಬಾಗಿಲದಾಗ ಬಂದು ಊಟ ಮಾಡಿದಿ ಏನು ಅಂತ ಕೇಳ್ತಿದ್ನಲ್ಲಾ. ಹಂಗದ ನೋಡು."

ಅಪ್ಪ ಬಾಗಿಲಲ್ಲಿ ನಿಲ್ಲುತ್ತಿದ್ದ ರೀತಿ ಕಣ್ಣಿಗೆ ಬಂತು. ಬಟ್ಟಲಿನಲ್ಲಿ ಇನ್ನೂ ನಾಲ್ಕು ಹಣ್ಣಿದ್ದವು, ಕೈಗೆ ಸಿಗುವಷ್ಟು ಹತ್ತಿರ. ಅದೇನೆಂದು ಈಗ ನನಗೆ ಗೊತ್ತಿತ್ತು, ತಿನ್ನಬೇಕೆಂದು ನಿಜವಾಗಿ ಆಸೆಯಾಯಿತು. ನಾನು ಬಟ್ಟಲನ್ನು ಅತ್ಯಾನ ಕಡೆಗೆ ಸರಿಸಿ, ಅಪ್ಪನ ಹೆಸರಿನಲ್ಲಿ ಆ ಹಣ್ಣು ಬಿಟ್ಟೆ.